ಹದಿಮೂರೂವರೆ ಅಕ್ಕ

ಹೆಂಗಸರ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಡಾಕ್ಟರಮ್ಮನಿಂದ ಹಿಡಿದು ನೆಲ ಒರೆಸುವವಳ ತನಕ ಎಲ್ಲರ ಬಾಯಲ್ಲೂ ಅವಳು ಹದಿಮೂರೂವರೆ ಅಕ್ಕ. ಹೊಸದಾಗಿ ಬಂದವರು ಇದೇನಪ್ಪಾ, ಮನೆ ನಂಬರೋ ಬಸ್ಸಿನ ನಂಬರೋ ಎಂದು ತಲೆ ಕೆರೆದುಕೊಳ್ಳುತ್ತಿದ್ದರು. ಎರಡೂ ಅಲ್ಲ. ಅದು ಅವಳ ರಕ್ತದ ಹಿಮೋಗ್ಲೋಬಿನ್ನು. ಹೆಂಗಸರಿಗೆ ಹನ್ನೆರಡು ದಾಟಿದರೆ ಸಾಕು ಎನ್ನುವ ಜಾಗದಲ್ಲಿ ಅಕ್ಕನದು ಹದಿಮೂರೂವರೆ. ಬೇಸಿಗೆಯಲ್ಲೂ ಅಷ್ಟೇ, ಚಳಿಯಲ್ಲೂ ಅಷ್ಟೇ, ಜ್ವರ ಬಂದು ಎದ್ದ ವಾರವೂ ಅಷ್ಟೇ.

ಇದೊಂದು ಹೆಚ್ಚುಗಾರಿಕೆಯೇ ಎಂದು ನೀವು ಕೇಳಬಹುದು. ಲ್ಯಾಬಿನವರನ್ನು ಕೇಳಿ ನೋಡಿ. ರಕ್ತ ಅಳೆಯುವ ಮೆಷೀನು ಸರಿಯಾಗಿ ಅಳೆಯುತ್ತಿದೆಯೋ ಇಲ್ಲವೋ ಎಂದು ತಿಳಿಯಬೇಕಾದರೆ, ಎಷ್ಟಿದೆ ಎಂದು ಮೊದಲೇ ಗೊತ್ತಿರುವ ರಕ್ತವೊಂದು ಬೇಕು. ಅದನ್ನು ಕಂಪನಿಯವರು ಪುಟ್ಟ ಸೀಸೆಗಳಲ್ಲಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಕಳಿಸುತ್ತಾರೆ. ಆ ಸೀಸೆ ಬರುವುದು ತಡವಾದಾಗಲೆಲ್ಲ ಅಕ್ಕ ತೋಳು ಮೇಲಕ್ಕೆ ಮಡಚಿ ಕುರ್ಚಿಯಲ್ಲಿ ಕೂರುತ್ತಿದ್ದಳು. ಅವಳ ರಕ್ತ ಹಾಕಿದರೆ ಮೆಷೀನು ಹದಿಮೂರೂವರೆ ಅನ್ನಬೇಕು. ಅಂದರೆ ಮೆಷೀನು ಸರಿ. ಅನ್ನಲಿಲ್ಲವೋ, ಮೆಷೀನಿಗೆ ಏನೋ ಆಗಿದೆ. ಇಪ್ಪತ್ತೆರಡು ವರ್ಷ ಹೀಗೇ ನಡೆದಿತ್ತು.

ರಕ್ತ ತೆಗೆಯುವವನು ಸೊಳ್ಳೆರಾಯ. ನಲವತ್ತು ದಾಟಿದ, ಮೂರು ಹೆಣ್ಣುಮಕ್ಕಳ ತಂದೆ. ಚುಚ್ಚಿದ್ದೇ ಗೊತ್ತಾಗುವುದಿಲ್ಲ ಎಂಬ ಹೊಗಳಿಕೆ ಆ ಅಡ್ಡಹೆಸರಿನಲ್ಲಿತ್ತು. ದಿನವಿಡೀ ಕಿವಿಯ ಹತ್ತಿರ ಗುಂಯ್ ಅನ್ನುತ್ತಲೇ ಇರುತ್ತಾನೆಂಬ ದೂರೂ ಇತ್ತು. ಅಕ್ಕನ ತೋಳಿಗೆ ರಬ್ಬರು ಪಟ್ಟಿ ಕಟ್ಟಿ, ಮಕ್ಕಳ ಪರೀಕ್ಷೆಯ ಸುದ್ದಿ ಹೇಳುತ್ತ, ಸೂಜಿ ಎಳೆದು ಹತ್ತಿ ಒತ್ತಿ, "ನೋವಾಯ್ತಾ ಅಕ್ಕಾ?" ಅನ್ನುವನು. "ಇಲ್ಲ ಬಿಡು," ಅನ್ನುವಳು ಇವಳು. ಟ್ಯೂಬಿನ ಮೇಲೆ ಹೆಸರಿಲ್ಲ, ವಯಸ್ಸಿಲ್ಲ. 'ನಾರ್ಮಲ್' ಎಂದು ಬರೆದು ಅಂಟಿಸಿದರೆ ಮುಗಿಯಿತು.

ಹೋದ ವರ್ಷ ಸೀಸೆ ಬರುವುದೇ ನಿಂತುಹೋಯಿತು. ಅಷ್ಟು ಹಳೆಯ ಮೆಷೀನಿಗೆ ನಾವು ಸೀಸೆ ಮಾಡುವುದನ್ನು ಬಿಟ್ಟಿದ್ದೇವೆ ಎಂದು ಕಂಪನಿಯವರು ಕೈ ತೊಳೆದುಕೊಂಡರು. ಹೊಸ ಮೆಷೀನಿನ ಫೈಲು ಮೇಲಿನ ಆಫೀಸಿನಲ್ಲಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಅಲೆಯುತ್ತಿತ್ತು. "ಅಲ್ಲೀವರೆಗೆ ನಮ್ಮ ಹದಿಮೂರೂವರೆ ಇದಾರಲ್ಲ," ಎಂದು ಡಾಕ್ಟರಮ್ಮ ನಕ್ಕರು. ಲ್ಯಾಬಿನ ಮುಖ್ಯಸ್ಥೆ ಅವರೇ. ವಾರಕ್ಕೆರಡು ದಿನ ಬಂದು ಸಹಿ ಮಾಡಿ ಹೋಗುವರು. ಅಂದಿನಿಂದ ಸೋಮವಾರ, ಗುರುವಾರ ಅಕ್ಕನ ತೋಳು ಕಾಯಂ ಆಯಿತು. ನಿಜ ಹೇಳಬೇಕೆಂದರೆ ಅಕ್ಕನಿಗೆ ಒಳಗೊಳಗೇ ಖುಷಿಯೇ ಆಗಿತ್ತು. ಇಡೀ ಆಸ್ಪತ್ರೆಯ ಹೆಂಗಸರ ರಕ್ತವನ್ನು ತನ್ನ ರಕ್ತಕ್ಕೆ ಹಿಡಿದು ಅಳೆಯುವುದೆಂದರೆ ಸಣ್ಣ ಮಾತೇ?

ಎರಡು ತಿಂಗಳು ಕಳೆಯುವಷ್ಟರಲ್ಲಿ ಮೆಷೀನು ಹಟ ಹಿಡಿಯಿತು. ಅಕ್ಕನ ರಕ್ತ ಹಾಕಿದರೆ ಹದಿಮೂರು ಕಾಲು ಅಂದಿತು. ಇನ್ನೊಂದು ಸೋಮವಾರವೂ ಹದಿಮೂರು ಕಾಲೇ. "ವಯಸ್ಸಾಯ್ತು ಕಣೋ ಇದಕ್ಕೆ," ಎಂದಳು ಅಕ್ಕ. ಮೆಷೀನಿನ ಒಳಗೆ ಫ್ಯಾಕ್ಟರ್ ಎಂಬ ಒಂದು ಅಂಕಿ ಇರುತ್ತದೆ. ಅಳೆದದ್ದನ್ನು ಅದರಿಂದ ಗುಣಿಸಿ ಮೆಷೀನು ಹೊರಗೆ ಹೇಳುವುದು. ಆ ಅಂಕಿಯನ್ನು ಅಕ್ಕ ಒಂದು ಕೂದಲೆಳೆಯಷ್ಟು ಏರಿಸಿದಳು. ಮೆಷೀನು ಹದಿಮೂರೂವರೆ ಅಂದಿತು. ಏರಿಸಿದ್ದನ್ನು ತಾರೀಖಿನ ಸಮೇತ ನೋಟ್‌ಬುಕ್ಕಿನಲ್ಲಿ ಬರೆದು ಸಹಿ ಹಾಕಿದಳು. ಕೆಲಸದಲ್ಲಿ ಅವಳು ಅಷ್ಟು ಕಟ್ಟುನಿಟ್ಟು. ಎರಡು ವಾರ ಬಿಟ್ಟು ಮೆಷೀನು ಮತ್ತೆ ಇಳಿಯಿತು. ಮತ್ತೆ ಏರಿಸಿದಳು. ಮತ್ತೆ ಸಹಿ.

ತನ್ನ ರಕ್ತದ ಮೇಲೆ ಅವಳಿಗೆ ಅನುಮಾನ ಬರಲಿಲ್ಲ. ಇಪ್ಪತ್ತೆರಡು ವರ್ಷ ಒಂದೇ ಮಾತಿಗೆ ನಿಂತ ರಕ್ತ ಒಂದು ಕಡೆ, ಕೆಮ್ಮುತ್ತ ಕುಂಟುತ್ತ ನಡೆಯುವ ಮುದಿ ಮೆಷೀನು ಇನ್ನೊಂದು ಕಡೆ. ನೀವಾದರೂ ಯಾರನ್ನು ನಂಬುತ್ತಿದ್ದಿರಿ?

ಮನೆಯಲ್ಲಿ ಯಾರಾದರೂ ಇದ್ದಿದ್ದರೆ ಹೇಳುತ್ತಿದ್ದರೋ ಏನೋ. ಮಹಡಿಯ ಮೇಲೆ ಎರಡು ಕೋಣೆಯ ಮನೆ. ಅಲ್ಲಿ ಅವಳೂ ಅವಳ ಅಮ್ಮನೂ ಹತ್ತೊಂಬತ್ತು ವರ್ಷ ಇದ್ದರು. ಅಮ್ಮ ಹೋಗಿ ಒಂದೂವರೆ ವರ್ಷವಾಗಿತ್ತು. ಅಮ್ಮನಿಗೆ ರಕ್ತ ಕಮ್ಮಿ ಎಂದು ಅಕ್ಕ ಪ್ರತಿ ಭಾನುವಾರ ಬೆಳಗ್ಗೆ ಅವಳನ್ನು ಕಿಟಕಿಯ ಬಳಿ ಕೂರಿಸಿ, ಕೆಳರೆಪ್ಪೆಯನ್ನು ಹೆಬ್ಬೆಟ್ಟಿನಿಂದ ಎಳೆದು ಒಳಗೆ ಕೆಂಪಗಿದೆಯೋ ಇಲ್ಲವೋ ನೋಡುತ್ತಿದ್ದಳು. ನೋಡಿ ಮುಗಿದ ಮೇಲೆ ಅಮ್ಮ ಸುಮ್ಮನೆ ಬಿಡುತ್ತಿರಲಿಲ್ಲ. "ಈಗ ನಿಂದೂ ತೋರ್ಸು," ಅನ್ನುವಳು. "ನಂದೇನಿದೆ ನೋಡೋಕೆ, ಹದಿಮೂರೂವರೆ," ಎಂದರೂ ಬಿಡದೆ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಏನೂ ತಿಳಿಯದಿದ್ದರೂ ದೊಡ್ಡ ಡಾಕ್ಟರ ಹಾಗೆ ನೋಡಿ, "ಹೂಂ, ಪರವಾಗಿಲ್ಲ, ಹೋಗು," ಎಂದು ಅಪ್ಪಣೆ ಕೊಡುವಳು. ಆ ಒಂದೂವರೆ ವರ್ಷದಲ್ಲಿ ಅಕ್ಕನ ಗಲ್ಲವನ್ನು ಯಾರೂ ಹಿಡಿದಿರಲಿಲ್ಲ.

ಅಮ್ಮನನ್ನು ಎತ್ತಿ ಇಳಿಸಿ ಮಾಡಿದ್ದರಿಂದ ಹಿಡಿದುಕೊಂಡ ಮಂಡಿನೋವು ಮಾತ್ರ ಅಮ್ಮನ ಜೊತೆ ಹೋಗಲಿಲ್ಲ. ಅದಕ್ಕೆ ಬೆಳಗ್ಗೆ ಒಂದು, ಸಂಜೆ ಒಂದು ನೋವಿನ ಗುಳಿಗೆ. ಯಾರನ್ನೂ ಕೇಳದೆ ಮೂಲೆಯಂಗಡಿಯಿಂದ ತಂದು, ಎಷ್ಟೋ ದಿನ ಬರೀ ಹೊಟ್ಟೆಯಲ್ಲೇ ನುಂಗುತ್ತಿದ್ದಳು. ಒಬ್ಬಳಿಗಾಗಿ ಒಲೆ ಹಚ್ಚುವುದಕ್ಕೆ ಬೇಜಾರು. ಮೆಟ್ಟಿಲು ಹತ್ತುವಾಗ ನಡುವೆ ನಿಂತು ಉಸಿರು ತೆಗೆದುಕೊಳ್ಳುವುದು ಶುರುವಾಗಿತ್ತು. ಅದನ್ನು ಮಂಡಿಯ ಲೆಕ್ಕಕ್ಕೆ ಸೇರಿಸಿದಳು. ಕಿವಿಯಲ್ಲಿ ತನ್ನದೇ ಎದೆಬಡಿತ ಕೇಳಿಸುತ್ತಿತ್ತು. ಮನೆ ಅಷ್ಟು ನಿಶ್ಶಬ್ದ, ಕೇಳಿಸದೇ ಇನ್ನೇನು ಅಂದುಕೊಂಡಳು. ಆಮೇಲೆ ಐಸಿನ ಚಟ ಹತ್ತಿಕೊಂಡಿತು. ಸಂಜೆ ಬಂದವಳೇ ಫ್ರಿಜ್ಜಿನಿಂದ ಐಸಿನ ತಟ್ಟೆ ತೆಗೆದು ಕಟಕಟ ಕಡಿಯುತ್ತ ಕೂರುವಳು. ಬೇಸಿಗೆಯಲ್ಲವೇ ಎಂದಳು. ಬೇಸಿಗೆ ಮುಗಿಯಿತು. ಐಸು ಮುಗಿಯಲಿಲ್ಲ. ಇನ್ನೊಂದು ತಟ್ಟೆ ಕೊಂಡು ತಂದಳು. ಲ್ಯಾಬಿಗೂ ಒಂದು ಉದ್ದನೆಯ ಲೋಟದಲ್ಲಿ ಐಸು ಬಂದಿತು. ಮನೆಯಲ್ಲಿ ಅದೊಂದೇ ಸದ್ದು ಮಾಡುವ ವಸ್ತು ಎಂಬಂತೆ ಕಡಿಯುತ್ತಿದ್ದಳು.

ಇತ್ತ ಆಸ್ಪತ್ರೆಯಲ್ಲಿ ಸಂಭ್ರಮವೋ ಸಂಭ್ರಮ. ಆ ವರ್ಷ ಬಂದ ಹೆಂಗಸರಲ್ಲೆಲ್ಲ ರಕ್ತ ಏರಿತ್ತು! ರಕ್ತಹೀನತೆ ಅರ್ಧಕ್ಕರ್ಧ ಇಳಿದಿದೆ ಎಂದು ಮೇಲಿನ ಆಫೀಸಿನವರು ಬಣ್ಣದ ಗೆರೆ ಎಳೆದು ದೊಡ್ಡ ಹಾಳೆ ಮಾಡಿಸಿ ಲ್ಯಾಬಿನ ಗೋಡೆಗೇ ಅಂಟಿಸಿದರು. ಸೊಳ್ಳೆರಾಯ ಸುಮ್ಮನಿರಲಾರದೆ ತನ್ನದನ್ನೂ ಅಳೆದುಕೊಂಡ. ಹದಿನೇಳು ಮುಕ್ಕಾಲು ಬಂತು. ಒಂದು ತಿಂಗಳು ಎದೆ ಉಬ್ಬಿಸಿಕೊಂಡು ತಿರುಗಿದ. "ಹೆಂಡತಿಗೆ ಹೇಳಿದೆ ಅಕ್ಕಾ, ನಿನ್ನ ಗಂಡ ಹುಲಿ ಅಂತ." ಯಾರಿಗೂ ಏನೂ ಅನ್ನಿಸಲಿಲ್ಲ. ಒಳ್ಳೆಯ ಸುದ್ದಿಯನ್ನು ಯಾರಾದರೂ ಎರಡನೇ ಸಲ ಪರೀಕ್ಷೆ ಮಾಡುತ್ತಾರೆಯೇ?

ಅಷ್ಟರಲ್ಲಿ ಟೀಚರು ಬಂದರು.

ಮೂರನೇ ಸಲ ಬರುತ್ತಿದ್ದದ್ದು. ಸ್ಕೂಲಿನಲ್ಲಿ ಗಣಿತ ಹೇಳಿಕೊಡುವ, ನಲವತ್ತೈದರ ಆಸುಪಾಸಿನ ಹೆಂಗಸು. ನಾಲ್ಕು ತಿಂಗಳ ಹಿಂದೆ ಸುಸ್ತು ಎಂದು ಬಂದಿದ್ದರು, ಹನ್ನೆರಡು ಇತ್ತು. ಎರಡು ತಿಂಗಳ ಹಿಂದೆ ಹನ್ನೊಂದು ಮುಕ್ಕಾಲು. ಹನ್ನೆರಡಕ್ಕೆ ಸ್ವಲ್ಪ ಕಮ್ಮಿಯಿದ್ದರೂ ನಾರ್ಮಲ್ ಎಂದೇ ಬರೆದು, ಹನ್ನೊಂದರ ಕೆಳಗೆ ಬಂದರೆ ಮಾತ್ರ ಮುಂದಿನ ಬಾಗಿಲು ತೆರೆಯುವುದು ಆ ಲ್ಯಾಬಿನ ಕ್ರಮ: ಗಾಜಿನ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವುದು, ದೇಹದ ಉಗ್ರಾಣದಲ್ಲಿ ಕಬ್ಬಿಣ ಎಷ್ಟು ಉಳಿದಿದೆಯೆಂದು ಹೇಳುವ ಫೆರಿಟಿನ್ ಪರೀಕ್ಷೆ, ರಕ್ತ ಎಲ್ಲಿ ಹೋಗುತ್ತಿದೆ ಎಂದು ಹುಡುಕುವುದು, ಎಲ್ಲ. ಟೀಚರಿಗೆ ಆ ಬಾಗಿಲು ತೆರೆದಿರಲಿಲ್ಲ.

ಅಂದು ಸೊಳ್ಳೆರಾಯ ಊಟಕ್ಕೆ ಹೋಗಿದ್ದ. ರಕ್ತ ತೆಗೆಯಲು ಅಕ್ಕನೇ ಕೂತಳು. ತೋಳು ಹಿಡಿದಾಗ ಕೈ ತಣ್ಣಗಿತ್ತು, ಉಗುರು ಬಿಳಿ ಕಾಗದದ ಹಾಗಿತ್ತು. ಅಕ್ಕನಿಗೊಂದು ಅಭ್ಯಾಸವಿತ್ತು. ಬಿಳಿಚಿಕೊಂಡ ಹೆಂಗಸು ಯಾರೇ ಬರಲಿ, ಅರ್ಧ ಕನಿಕರ ಅರ್ಧ ಗದರಿಕೆಯಲ್ಲಿ ಒಂದೇ ಮಾತು ಕೇಳುವಳು. ಸೊಳ್ಳೆರಾಯನೂ ಅದನ್ನು ಕಲಿತುಬಿಟ್ಟಿದ್ದ.

"ಇಷ್ಟು ಬಿಳಿಚ್ಕೊಂಡಿದೀರಲ್ಲ, ಮನೇಲಿ ಯಾರೂ ನೋಡ್ಲಿಲ್ವಾ?"

"ನೋಡಿದ್ರು ಮೇಡಂ," ಎಂದರು ಟೀಚರು. "ನನ್ನಲ್ಲ. ನಿಮ್ಮ ರಿಪೋರ್ಟ್ ನೋಡಿದ್ರು."

ಅಕ್ಕನ ಕೈ ನಿಂತಿತು.

"ಎರಡು ಸಲನೂ ನಾರ್ಮಲ್ ಅಂತ ಇದೆಯಲ್ಲ. ನಮ್ಮ ಮನೆಯವರು ಅದನ್ನ ಅಲ್ಮೇರಾ ಬಾಗಿಲಿಗೇ ಅಂಟಿಸಿದಾರೆ. ನಾನು ಸುಸ್ತು ಅಂದಾಗೆಲ್ಲ ಅದರ ಕಡೆ ಕೈ ತೋರಿಸ್ತಾರೆ. ಅತ್ತೆ ಸೋಂಬೇರಿ ಅಂತಾರೆ. ಮೊನ್ನೆ ಬೋರ್ಡ್ ಮುಂದೆ ಕಣ್ಣು ಕತ್ತಲೆ ಬಂತು, ಹೆಡ್‌ಮಿಸ್ಟ್ರೆಸ್ಸು ಮನಸ್ಸಿನ ಡಾಕ್ಟರಿಗೆ ತೋರಿಸ್ಕೊಳ್ಳಿ ಅಂದ್ರು. ನಂಗೂ ಹಂಗೇ ಅನ್ಸೋಕೆ ಶುರುವಾಗಿದೆ. ಇದು ಕೊನೇ ಸಲ. ಇವತ್ತೂ ನಾರ್ಮಲ್ ಬಂದ್ರೆ ಅಲ್ಲಿಗೇ ಹೋಗ್ತೀನಿ."

"ಬೇರೆ ಏನಾದ್ರೂ ತೊಂದ್ರೆ ಇದೆಯಾ?"

ಟೀಚರು ಬಾಗಿಲ ಕಡೆ ನೋಡಿ ದನಿ ಇಳಿಸಿದರು. "ನಗಬೇಡಿ. ಸೀಮೆಸುಣ್ಣ ತಿಂತೀನಿ. ಬೋರ್ಡಿಗೆ ಬರೀತಾ ಬರೀತಾ ತುಂಡು ಬಾಯಿಗೆ ಹಾಕ್ಕೋತೀನಿ. ಮಕ್ಕಳು ನೋಡಿಬಿಟ್ಟಿದಾವೆ. ಬಿಡೋಕೆ ಆಗ್ತಿಲ್ಲ ಮೇಡಂ, ಆ ರುಚಿ ನೆನೆಸ್ಕೊಂಡ್ರೇ ಬಾಯಲ್ಲಿ ನೀರು ಬರತ್ತೆ."

ಅಕ್ಕ ನಗಲಿಲ್ಲ. ಕಬ್ಬಿಣ ಬರಿದಾದ ದೇಹ ಮಣ್ಣು, ಸುಣ್ಣ, ಹಸಿ ಅಕ್ಕಿ ಇಂಥದ್ದಕ್ಕೆಲ್ಲ ಆಸೆಪಡುತ್ತದೆಂದು ಅವಳು ಮೊದಲ ವರ್ಷದ ಪುಸ್ತಕದಲ್ಲೇ ಓದಿದ್ದಳು. ಅದೇ ಸಾಲಿನಲ್ಲಿ ಇನ್ನೊಂದು ಪದವೂ ಇತ್ತು. ಮೇಜಿನ ತುದಿಯಲ್ಲಿ ಅವಳ ಐಸಿನ ಉದ್ದನೆಯ ಲೋಟ ಬೆವರುತ್ತ ಕೂತಿತ್ತು.

ಟ್ಯೂಬು ತುಂಬಿ, ಟೀಚರನ್ನು ಮೂರು ಗಂಟೆಗೆ ಬನ್ನಿ ಎಂದು ಕಳಿಸಿ, ರಕ್ತ ಮೆಷೀನಿಗೆ ಹಾಕಿದಳು. ಹನ್ನೊಂದು ಪಾಯಿಂಟ್ ನಾಲ್ಕು. ಬಾಗಿಲು ಇವತ್ತೂ ತೆರೆಯುವುದಿಲ್ಲ. ಹಾಗೆಂದು ರಿಪೋರ್ಟು ಬರೆದು ಕೊಟ್ಟರೆ ಅವಳನ್ನು ಯಾರೂ ತಪ್ಪು ಅನ್ನುವಂತಿರಲಿಲ್ಲ. ಆದರೆ ಆ ಬಿಳಿ ಉಗುರು ಕಣ್ಣಿನಿಂದ ಹೋಗಲೊಲ್ಲದು. ಕ್ರಮ ಮುರಿದು, ಒಂದು ಹನಿ ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟಳು.

ಕೆಂಪು ಕಣಗಳು ಕೆಂಪಗಿರಲಿಲ್ಲ. ಸಣ್ಣ ಸಣ್ಣ ಕಣಗಳು, ನಡುವೆ ಪೂರಾ ಖಾಲಿ, ಅಂಚಿಗೆ ಮಾತ್ರ ತೆಳ್ಳನೆಯ ಬಣ್ಣ. ಯಾರೋ ಗಾಜಿನ ಬಳೆಗಳನ್ನು ಚೆಲ್ಲಿದ ಹಾಗೆ. ಹನ್ನೊಂದು ಪಾಯಿಂಟ್ ನಾಲ್ಕರ ರಕ್ತ ಇಷ್ಟು ಬಡವಾಗಿರುವುದಿಲ್ಲ. ಎರಡರಲ್ಲಿ ಒಂದು ಸುಳ್ಳು ಹೇಳುತ್ತಿತ್ತು.

ಅಲಮಾರಿನ ಕೆಳಗಿನ ಅರೆಯಲ್ಲಿ ಒಂದು ಹಳೆಯ ಮರದ ಪೆಟ್ಟಿಗೆ ಇತ್ತು. ಮೆಷೀನುಗಳಿಲ್ಲದ ಕಾಲದಲ್ಲಿ ಕಣ್ಣಳತೆಯಲ್ಲೇ ಹಿಮೋಗ್ಲೋಬಿನ್ ನೋಡುತ್ತಿದ್ದ ಪೆಟ್ಟಿಗೆ. ಅಕ್ಕ ಕೆಲಸ ಕಲಿತದ್ದೇ ಅದರ ಮೇಲೆ. ಧೂಳು ಒರೆಸಿದಳು. ಗೀಟು ಹಾಕಿದ ಸಣ್ಣ ಗಾಜಿನ ನಳಿಗೆಯಲ್ಲಿ ಒಂದಿಷ್ಟು ಆಸಿಡ್ಡು, ಅದಕ್ಕೆ ಅಳೆದು ಒಂದು ಹನಿ ರಕ್ತ. ಹತ್ತು ನಿಮಿಷ ಕಾದರೆ ರಕ್ತ ಕಂದು ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ತೊಟ್ಟು ತೊಟ್ಟಾಗಿ ನೀರು ಬಿಟ್ಟು, ಗಾಜಿನ ಕಡ್ಡಿಯಿಂದ ಕಲಕುತ್ತ, ಪಕ್ಕದಲ್ಲಿರುವ ಕಂದು ಗಾಜಿನ ಬಣ್ಣಕ್ಕೆ ಸರಿಹೊಂದುವ ತನಕ ತೆಳುವಾಗಿಸಬೇಕು. ನೀರು ಎಷ್ಟು ಹಿಡಿಯಿತೋ ಅಷ್ಟು ರಕ್ತ. ಟೀಚರ ರಕ್ತ ಬಹಳ ನೀರು ಹಿಡಿಯಲಿಲ್ಲ. ಒಂಬತ್ತರ ಗೀಟಿನ ಹತ್ತಿರವೇ ಬಣ್ಣ ಕೂಡಿಕೊಂಡಿತು.

ಒಂಬತ್ತು. ಮೆಷೀನಿನಲ್ಲಿ ಹನ್ನೊಂದು ಪಾಯಿಂಟ್ ನಾಲ್ಕು. ಕಣ್ಣಳತೆ ಸ್ವಲ್ಪ ಆಚೀಚೆ ಆಗುವುದುಂಟು, ಇಷ್ಟೊಂದಲ್ಲ. ನನ್ನ ಕೈಯೇ ಮರೆತಿರಬೇಕು ಎಂದುಕೊಂಡಳು. ಪರೀಕ್ಷಿಸುವುದಕ್ಕೆ, ಎಷ್ಟಿದೆ ಎಂದು ಮೊದಲೇ ಗೊತ್ತಿರುವ ರಕ್ತ ಬೇಕಲ್ಲ. ಫ್ರಿಜ್ಜಿನಿಂದ ಆ ಬೆಳಗಿನ 'ನಾರ್ಮಲ್' ಟ್ಯೂಬು ತೆಗೆದಳು.

ಹತ್ತು ನಿಮಿಷ ಕಾದಳು. ತೊಟ್ಟು ತೊಟ್ಟು ನೀರು ಬಿಟ್ಟಳು. ಹತ್ತರ ಗೀಟು ದಾಟಿತು. ಹತ್ತೂವರೆ. ಇನ್ನೆರಡು ತೊಟ್ಟಿಗೆ ಬಣ್ಣ ಕೂಡಿಬಿಟ್ಟಿತು. ಮತ್ತೊಂದು ತೊಟ್ಟು ಬಿಡಲು ಕೈ ಬರಲಿಲ್ಲ. ಬಿಟ್ಟರೆ ಬಣ್ಣ ತೆಳುವಾಗಿ ಸುಳ್ಳಾಗುತ್ತಿತ್ತು. ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಹತ್ತು ಮುಕ್ಕಾಲು.

ಇನ್ನೊಂದು ಸಲ ಮಾಡಿದಳು. ಹತ್ತು ಮುಕ್ಕಾಲು.

ಸೊಳ್ಳೆರಾಯ ಊಟ ಮುಗಿಸಿ ಬಂದ. "ಬೆರಳು ಕೊಡು," ಎಂದಳು. "ಏನಕ್ಕಾ, ಹುಲಿ ರಕ್ತ ಬೇಕಾಯ್ತಾ?" ಎಂದು ನಗುತ್ತ ಕೊಟ್ಟ. ಹದಿನೇಳು ಮುಕ್ಕಾಲಿನ ಹುಲಿ ಆ ಹಳೇ ನಳಿಗೆಯಲ್ಲಿ ಹದಿನಾಲ್ಕೂವರೆಗೆ ನಿಂತಿತು. ಅಕ್ಕ ಆ ಅಂಕಿಯನ್ನು ಬರೆದುಕೊಂಡಳು. ತನ್ನ ರಕ್ತದ ಹನಿಯೊಂದನ್ನು ಗಾಜಿಗೆ ಸವರಿ ನೋಡಿದಳು. ಅಲ್ಲೂ ಬಳೆಗಳು.

ಆಗ ನೋಟ್‌ಬುಕ್ಕು ತೆರೆದಳು. ಒಂದು ಪಾಯಿಂಟ್ ಸೊನ್ನೆ ಎರಡು, ಸಹಿ. ಸೊನ್ನೆ ನಾಲ್ಕು, ಸಹಿ. ಸೊನ್ನೆ ಏಳು, ಸಹಿ. ಹೀಗೇ ಹತ್ತುತ್ತ ಒಂದು ಪಾಯಿಂಟ್ ಎರಡು ಐದರ ತನಕ. ಹತ್ತು ಮುಕ್ಕಾಲನ್ನು ಅದರಿಂದ ಗುಣಿಸಿದರೆ ಸರಿಸುಮಾರು ಹದಿಮೂರೂವರೆ. ಮೆಷೀನಿಗೆ ವಯಸ್ಸಾಗಿರಲಿಲ್ಲ. ಹನ್ನೊಂದು ತಿಂಗಳಿನಿಂದ ಪ್ರತಿ ಸೋಮವಾರವೂ ಅದು ಅವಳಿಗೆ ಒಂದೇ ಸುದ್ದಿ ಹೇಳುತ್ತಿತ್ತು: ನಿನಗೆ ರಕ್ತ ಇಳಿಯುತ್ತಿದೆ ಕಣೇ. ಇಡೀ ಪ್ರಪಂಚದಲ್ಲಿ ಅವಳಿಗೆ ಹಾಗೆ ಹೇಳಲು ಇದ್ದದ್ದು ಅದೊಂದೇ. ಅದರ ಬಾಯನ್ನು ಅವಳೇ ಪ್ರತಿ ಸಲವೂ ಮುಚ್ಚಿ ಸಹಿ ಹಾಕಿದ್ದಳು.

ಅವಳೊಬ್ಬಳದೇ ಆಗಿದ್ದರೆ ಸಾಯಲಿ ಎಂದು ಬಿಡಬಹುದಿತ್ತು. ಆದರೆ ಅವಳು ಇಳಿದಷ್ಟೂ ಉಳಿದವರನ್ನೆಲ್ಲ ಮೇಲಕ್ಕೆತ್ತಿದ್ದಳು. ಗೋಡೆಯ ಮೇಲಿನ ಬಣ್ಣದ ಗೆರೆಯನ್ನು ನೋಡಿದಳು. ಎಷ್ಟು ಅಲ್ಮೇರಾಗಳ ಮೇಲೆ ಅವಳ 'ನಾರ್ಮಲ್' ಅಂಟಿಕೊಂಡಿದೆಯೋ!

ಮೂರು ಗಂಟೆಗೆ ಟೀಚರು ಬಂದರು. ಅಕ್ಕ ಅವರ ಕೈಗೆ ಕಾಗದ ಕೊಡದೆ, "ನಾಳೆ ಬನ್ನಿ. ಇನ್ನೊಂದು ಸಲ ನೋಡಬೇಕು," ಎಂದಳು. ಟೀಚರ ಮುಖದಲ್ಲಿ ಬೇಸರವೂ ಬರಲಿಲ್ಲ. "ಎಷ್ಟು ಸಲ ನೋಡಿದ್ರೂ ಅಷ್ಟೇ ಅಲ್ವಾ," ಎಂದು ಗೋಡೆ ಹಿಡಿದುಕೊಂಡು ಮೆಟ್ಟಿಲು ಇಳಿದು ಹೋದರು.

ಐದು ಗಂಟೆಗೆ ಸೊಳ್ಳೆರಾಯ ಮಗಳನ್ನು ಕರೆತರಲು ಹೊರಟ. ಲ್ಯಾಬಿನಲ್ಲಿ ಅವಳೊಬ್ಬಳೇ. ಈಗ ಸತ್ಯ ಹೇಳಿಬಿಡುತ್ತೇನೆ. ಅಕ್ಕನ ಮನಸ್ಸಿನಲ್ಲಿ ಇನ್ನೊಂದು ದಾರಿಯೂ ಬಂದು ಹೋಯಿತು. ಫ್ಯಾಕ್ಟರನ್ನು ಮೆಲ್ಲಗೆ ಒಂದಕ್ಕೆ ಇಳಿಸಿಬಿಡುವುದು. ಟೀಚರಿಗೆ ಇವತ್ತಿನ ಸರಿಯಾದ ರಿಪೋರ್ಟ್ ಕೊಟ್ಟು, ಈಗ ಕಮ್ಮಿಯಾಗಿದೆ ಅನ್ನುವುದು. ನೋಟ್‌ಬುಕ್ಕನ್ನು ಯಾರು ಓದುತ್ತಾರೆ? ಕೆಲಸವೂ ಉಳಿಯುತ್ತದೆ, ಹೆಸರೂ ಉಳಿಯುತ್ತದೆ. ಈ ಲ್ಯಾಬು ಬಿಟ್ಟರೆ ಅವಳಿಗೆ ಹೋಗಲು ಎಲ್ಲಿದೆ? ಇಲ್ಲಿ ಅಕ್ಕಾ ಎಂದು ಕರೆಯುವವರಾದರೂ ಇದ್ದಾರೆ. ಮನೆಯಲ್ಲಿ ಎರಡು ಐಸಿನ ತಟ್ಟೆ.

ಆದರೆ ಹಾಗೆ ಮಾಡಿದ್ದರೆ ಟೀಚರು ನಾಲ್ಕು ತಿಂಗಳಿನಿಂದ ಹೇಳುತ್ತಿದ್ದದ್ದು ಸುಳ್ಳಲ್ಲವೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಅವರಂಥ ಉಳಿದವರು ಎಲ್ಲೆಲ್ಲೋ ಗೋಡೆ ಹಿಡಿದುಕೊಂಡು ಮೆಟ್ಟಿಲು ಇಳಿಯುತ್ತಲೇ ಇರುತ್ತಿದ್ದರು. ಅಕ್ಕ ಮುಖಕ್ಕೆ ನೀರು ಹಾಕಿಕೊಂಡು ರಿಜಿಸ್ಟರು ಎಳೆದುಕೊಂಡು ಕೂತಳು. ಪ್ರತಿಯೊಬ್ಬರ ಅಂಕಿಯನ್ನು ಆ ದಿನದ ಫ್ಯಾಕ್ಟರಿನಿಂದ ಭಾಗಿಸುತ್ತ ಹೋದಳು. ತಿದ್ದಿದ್ದನ್ನೆಲ್ಲ ಬರೆದಿಟ್ಟ ಆ ಹಾಳು ಕಟ್ಟುನಿಟ್ಟು ಅಷ್ಟಕ್ಕಾದರೂ ಉಪಯೋಗಕ್ಕೆ ಬಂತು. ಆ ಸಂಜೆ ಆದಷ್ಟು, ಮರುದಿನ ಬೆಳಗ್ಗೆ ಆರಕ್ಕೇ ಬಂದು ಉಳಿದದ್ದು.

ಡಾಕ್ಟರಮ್ಮ ಒಂಬತ್ತಕ್ಕೆ ಬಂದರು. ಅಕ್ಕ ಕೂರದೆ, ಅಡ್ಡಾದಿಡ್ಡಿ ಮಾತಾಡದೆ, ನಿಂತೇ ಎಲ್ಲ ಹೇಳಿದಳು. ಹಳೇ ಪೆಟ್ಟಿಗೆ, ನೋಟ್‌ಬುಕ್ಕು, ಎರಡು ಗಾಜು, ಎಲ್ಲವನ್ನೂ ಮೇಜಿನ ಮೇಲಿಟ್ಟಳು. ಡಾಕ್ಟರಮ್ಮ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಬಹಳ ಹೊತ್ತು ನೋಡಿದರು.

"ಎಷ್ಟು ಜನ?"

"ಹನ್ನೊಂದರ ಕೆಳಗೆ ಇದ್ದೂ ನಾವು ನಾರ್ಮಲ್ ಅಂತ ಕಳಿಸಿದೋರು ಮುನ್ನೂರ ಹದಿನೇಳು. ಇಲ್ಲಿದೆ ಪಟ್ಟಿ. ತಪ್ಪು ನಂದು. ಏನು ಮಾಡ್ತೀರೋ ಮಾಡಿ. ಮೊದಲು ಇವರನ್ನ ಕರೆಸಿ."

ಡಾಕ್ಟರಮ್ಮ ಎದ್ದರು. ಬೈಯುತ್ತಾರೆ ಎಂದುಕೊಂಡಳು ಅಕ್ಕ. ಅವರು ಗೋಡೆಯ ಹತ್ತಿರ ಹೋಗಿ ಬಣ್ಣದ ಹಾಳೆಯನ್ನು ಕಿತ್ತು, ಮಡಚಿ, ಕಸದ ಡಬ್ಬಿಗೆ ಹಾಕಿದರು. "ವಾರಕ್ಕೆರಡು ದಿನ ಬಂದು ನಾನೇ ಸಹಿ ಹಾಕ್ತಿದ್ದೆ," ಎಂದರು. "ನಿಮ್ಮ ಕೆಲಸದ ವಿಷಯ ಮೇಲಿನೋರು ನೋಡ್ತಾರೆ, ನಾನು ಸುಳ್ಳು ಹೇಳಲ್ಲ. ಫೋನು ತಗೊಳ್ಳಿ, ಶುರು ಮಾಡೋಣ." ಆಮೇಲೆ, ಏನೋ ಹೊಳೆದ ಹಾಗೆ ತಿರುಗಿ ಅಕ್ಕನ ಮುಖ ನೋಡಿದರು. "ಈ ಎರಡನೇ ಗಾಜು ನಿಮ್ಮದಾ?"

"ಹೌದು."

"ಏನು ಗುಳಿಗೆ ತಗೊಳ್ತಿದೀರಿ?"

ಹೇಳಿದಳು. ಡಾಕ್ಟರಮ್ಮ ಹಣೆ ಒತ್ತಿಕೊಂಡರು. ಬರೀ ಹೊಟ್ಟೆಯಲ್ಲಿ ದಿನಕ್ಕೆರಡು ನೋವಿನ ಗುಳಿಗೆ ನುಂಗಿದರೆ ಹೊಟ್ಟೆಯ ಒಳಗೋಡೆ ಹುಣ್ಣಾಗಿ ತೊಟ್ಟಿಕ್ಕುತ್ತದೆಂದು ಅಕ್ಕನಿಗೆ ಗೊತ್ತಿಲ್ಲದ ವಿಷಯವಲ್ಲ. ಬೇರೆಯವರಾಗಿದ್ದರೆ ಅವಳೇ ಮೊದಲು ಹೇಳುತ್ತಿದ್ದಳು.

ಮೂರು ದಿನ ಫೋನು ಮಾಡಿದಳು. "ನಿಮ್ಮ ರಿಪೋರ್ಟ್ ತಪ್ಪಾಗಿತ್ತು. ತಪ್ಪು ನಮ್ಮದು. ದಯವಿಟ್ಟು ಬನ್ನಿ." ಕೆಲವರು ಬೈದರು. ಕೆಲವರು ಅತ್ತರು. ಒಬ್ಬಾಕೆ, "ಅಯ್ಯೋ ಸದ್ಯ, ನಿಜವಾಗ್ಲೂ ಖಾಯಿಲೆ ಇದೆಯಾ?" ಎಂದು ಸಂತೋಷಪಟ್ಟಳು. ಆ ಸಂತೋಷ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಟೀಚರ ಫೆರಿಟಿನ್ನು ನಾಲ್ಕು ಬಂತು. ಉಗ್ರಾಣ ಗುಡಿಸಿ ಸಾರಿಸಿದ ಹಾಗೆ ಖಾಲಿ. ಗರ್ಭಕೋಶದಲ್ಲಿ ಗಡ್ಡೆ ಇತ್ತು. ತಿಂಗಳು ತಿಂಗಳೂ ರಕ್ತ ಅಲ್ಲಿ ಸೋರಿಹೋಗುತ್ತಿತ್ತು. ಔಷಧಿಯ ಚೀಟಿ ಹಿಡಿದುಕೊಂಡು ಅವರು ಲ್ಯಾಬಿನ ಕಿಟಕಿಗೆ ಬಂದರು.

"ನಾಲ್ಕು ತಿಂಗಳು ನಾನು ಹುಚ್ಚಿ ಅನ್ನಿಸ್ಕೊಂಡೆ ಮೇಡಂ."

"ಗೊತ್ತು. ಕ್ಷಮಿಸಿ ಅನ್ನೋಕೂ ಮುಖ ಇಲ್ಲ."

"ಕ್ಷಮೆ ಬೇಡ. ಬರ್ಕೊಡಿ. ಹಿಂದಿನ ಎರಡು ರಿಪೋರ್ಟು ಸುಳ್ಳು, ಇವರು ಹೇಳಿದ್ದೇ ನಿಜ ಅಂತ. ಅಲ್ಮೇರಾಗೆ ಅಂಟಿಸ್ಬೇಕು."

ಅಂಥ ಕಾಗದ ಬರೆದುಕೊಟ್ಟರೆ ನಾಳೆ ವಿಚಾರಣೆಯಲ್ಲಿ ಅದೇ ಅವಳ ಕೊರಳಿಗೆ ಬರುತ್ತದೆಂದು ಪಕ್ಕದಲ್ಲಿ ನಿಂತ ಸೊಳ್ಳೆರಾಯ ಕಣ್ಣಲ್ಲೇ ಹೇಳಿದ. ಅಕ್ಕ ಬರೆದಳು. ದೊಡ್ಡ ಅಕ್ಷರದಲ್ಲಿ, ದೂರದಿಂದ ಓದುವ ಹಾಗೆ ಬರೆದು, ಸಹಿ ಮಾಡಿ, ಮೊಹರು ಒತ್ತಿ ಕೊಟ್ಟಳು. ಟೀಚರು ಉತ್ತರಪತ್ರಿಕೆ ತಿದ್ದುವವರಂತೆ ಎರಡು ಸಲ ಓದಿ ಮಡಚಿಕೊಂಡರು. ಹೊರಟವರು ತಿರುಗಿ ಅವಳನ್ನೂ ಐಸಿನ ಲೋಟವನ್ನೂ ನೋಡಿದರು. "ನೀವೂ ತೋರಿಸ್ಕೊಳ್ಳಿ," ಎಂದರು. ಅಷ್ಟೇ ಹೇಳಿ ಹೋದರು.

ಗುರುವಾರ ಕರೆಸಿದವರ ಸಾಲು ಹೊರಗಿನ ಬೆಂಚುಗಳನ್ನೂ ದಾಟಿತ್ತು. ಪಕ್ಕದ ಆಸ್ಪತ್ರೆಯಿಂದ ಅಳೆದಿಟ್ಟ ರಕ್ತ ತರಿಸಿ ಡಾಕ್ಟರಮ್ಮನೇ ಮೆ‍ಷೀನನ್ನು ಸರಿಹೊಂದಿಸಿದ್ದರು. ಒಬ್ಬೊಬ್ಬರ ಪಕ್ಕದಲ್ಲೂ ಯಾರಾದರೊಬ್ಬರು: ಗಂಡ, ಮಗಳು, ಅತ್ತಿಗೆ, ಚೀಲ ಹಿಡಿದ ತಂಗಿ. ಎಲ್ಲರದೂ ಮುಗಿದ ಮೇಲೆ ಅಕ್ಕ ಬಿಳಿ ಕೋಟು ಬಿಚ್ಚಿ ಮೊಳೆಗೆ ತಗುಲಿಸಿ, ಆ ಕಡೆಯಿಂದ ಸುತ್ತಿಕೊಂಡು ಬಂದು, ರೋಗಿಗಳ ಕುರ್ಚಿಯಲ್ಲಿ ಕೂತಳು. ಕುರ್ಚಿ ಅದೇ. ಇಪ್ಪತ್ತೆರಡು ವರ್ಷ ಕೂತದ್ದೇ.

ಸೊಳ್ಳೆರಾಯ ಟ್ಯೂಬು ತೆಗೆದುಕೊಂಡು, ಚೀಟಿ ಅಂಟಿಸಿ, ಪೆನ್ನು ಊರಿದ. ಕೈ ತನ್ನಷ್ಟಕ್ಕೇ 'ನಾರ್ಮ' ತನಕ ಬರೆದು ನಿಂತಿತು. ಚೀಟಿ ಕಿತ್ತು ಹೊಸದು ಅಂಟಿಸಿದ.

"ಪೂರ್ತಿ ಹೆಸರು ಹೇಳಿ ಅಕ್ಕಾ."

ಹೇಳಿದಳು. ಅಮ್ಮ ಹೋದ ಮೇಲೆ ಆ ಹೆಸರನ್ನು ಯಾರೂ ಬಾಯಿಬಿಟ್ಟು ಕರೆದಿರಲಿಲ್ಲ. ತನ್ನ ಬಾಯಲ್ಲೇ ಅದು ಯಾರೋ ಬೇರೆಯವರ ಹೆಸರಿನಂತೆ ಕೇಳಿಸಿತು.

"ವಯಸ್ಸು?"

"ಐವತ್ತೆರಡು."

ಅವನು ಬರೆದುಕೊಂಡ. ಅಂದು ಮಕ್ಕಳ ಸುದ್ದಿ ಹೇಳಲಿಲ್ಲ. ರಬ್ಬರು ಪಟ್ಟಿ ಕಟ್ಟುತ್ತ, ಬೆಳಗಿನಿಂದ ನೂರು ಜನಕ್ಕೆ ಹೇಳಿ ಹೇಳಿ ನಾಲಿಗೆಗೆ ಹತ್ತಿದ ಮಾತು ಬಾಯಿಗೆ ಬಂದೇಬಿಟ್ಟಿತು. "ಇಷ್ಟು ಬಿಳಿಚ್ಕೊಂಡಿದೀರಲ್ಲ, ಮನೇಲಿ ಯಾರೂ..."

ಅಲ್ಲಿಗೇ ನಿಲ್ಲಿಸಿದ. ಪಟ್ಟಿಯ ತುದಿ ಕೈಯಲ್ಲೇ ಉಳಿಯಿತು. ಆಮೇಲೆ ಬಗ್ಗಿ, ಅವಳ ಗಲ್ಲ ಹಿಡಿದು ಕಿಟಕಿಯ ಕಡೆ ತಿರುಗಿಸಿ, ಹೆಬ್ಬೆಟ್ಟಿನಿಂದ ಕೆಳರೆಪ್ಪೆ ಎಳೆದು ನೋಡಿದ.

"ವಾರಕ್ಕೆರಡು ಸಲ ಈ ಕೈ ಹಿಡ್ಕೊಂಡಿದೀನಿ ಅಕ್ಕಾ," ಎಂದ. "ಒಂದು ಸಲನಾದ್ರೂ ತಲೆ ಎತ್ತಿ ಮುಖ ನೋಡಿದ್ರೆ ಆಗ್ತಿತ್ತು."

"ಆಯ್ತಪ್ಪಾ, ಕೆಲಸ ನೋಡು," ಎಂದಳು.

ಸೂಜಿ ಒಳಗೆ ಹೋಯಿತು. ಟ್ಯೂಬು ಮೆಲ್ಲಗೆ ತುಂಬಿತು. ಅವಳ ಹೆಸರಿನ ಮೇಲೆ, ವಯಸ್ಸಿನ ಮೇಲೆ ತೆಳ್ಳನೆಯ ಕೆಂಪು ಏರುವುದನ್ನು ನೋಡುತ್ತ ಕೂತಳು. ಸೊಳ್ಳೆರಾಯ ಸೂಜಿ ಎಳೆದು ಹತ್ತಿ ಒತ್ತಿದ.

"ನೋವಾಯ್ತಾ ಅಕ್ಕಾ?"

"ಹೂಂ," ಎಂದಳು ಅವಳು. "ಆಯ್ತು."